ನೆರೆಯ ಗುರುತು, ಕಡಲ ತಳದ ಮರೆವು: ಗೋಕಾಕ ಪರಿಸರದಿಂದ ಒಂದು ಚಾರಿತ್ರಿಕ ನೋಟ

ಗೋಕಾಕ ಪರಿಸರವನ್ನು ಕಡಲಿನ ಚರಿತ್ರೆಯೊಂದಿಗೆ ಜೋಡಿಸುವುದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಮೂಡಲಗಿ ತಾಲೂಕಿನ ಯಾದವಾಡದ ಸುತ್ತಲಿನ ಸುಣ್ಣದಕಲ್ಲು ನೂರು ಕೋಟಿ ವರ್ಷಗಳಿಗೂ ಹಿಂದೆ ಆಳವಿಲ್ಲದ ಕಡಲೊಂದರ ತಳದಲ್ಲಿ ಪದರುಪದರಾಗಿ ರೂಪುಗೊಂಡದ್ದು. ಈ ಶಿಲಾವರ್ಗವನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಕಲಾದಗಿಯ ಹೆಸರಿನಲ್ಲಿ ಗುರುತಿಸಿ, 1876ರಲ್ಲಿ ಪ್ರಕಟವಾದ ದಕ್ಷಿಣ ಮರಾಠಾ ಸೀಮೆಯ ಭೂವಿವರಣೆಯಲ್ಲಿ ದಾಖಲಿಸಿದನು. ಈ ನಾಡಿಗೆ ಕಡಲೊಡನೆ ಇರುವ ಇಂದಿನ ಸಂಬಂಧವು ಮಳೆಯ ಮೂಲಕ ಬಂದದ್ದು. ವಾಯುಗುಣ ಬದಲಾವಣೆಯ ಈ ಕಾಲದಲ್ಲಿ ಆ ಸಂಬಂಧವನ್ನು ಮತ್ತೊಮ್ಮೆ ಪರಿಶೀಲಿಸುವುದು ಅಗತ್ಯವಾಗಿದೆ.

ಘಟಪ್ರಭೆಯ ದಂಡೆಯ ಜನಪದರು ನೀರಿನ ವೈಪರೀತ್ಯವನ್ನು ತಮ್ಮದೇ ಕ್ರಮದಲ್ಲಿ ಅಳೆದುಕೊಂಡು ಬಂದವರು. ಮೃಗಶಿರ, ಆರಿದ್ರಾ, ಪುನರ್ವಸು ಎಂದು ನಕ್ಷತ್ರಗಳಿಗೆ ಹಂಚಿದ ಮಳೆಯ ಲೆಕ್ಕವು ವಾಡಿಕೆಯ ಅಳತೆ. ಆ ಲೆಕ್ಕ ತಪ್ಪಿದಾಗ ಹಂಚಿನ ಮೇಲೆ ಗುರ್ಚಿಯನ್ನು ಹೊತ್ತು ಮನೆಮನೆಗೆ ತಿರುಗಿ ನೀರು ಹಾಕಿಸಿಕೊಳ್ಳುವ ಆಚರಣೆ ನಡೆಯುತ್ತದೆ. ಭಾದ್ರಪದದಲ್ಲಿ ಜೋಕುಮಾರನು ಬರುತ್ತಾನೆ. ವಾಡಿಕೆ ಯಾವುದು, ವಿಪರೀತ ಯಾವುದು ಎಂಬ ವಿವೇಕ ಇವುಗಳಲ್ಲಿ ಅಡಗಿದೆ. 1791–92ರ ಬರವು ಡೋಗಿ ಬರವೆಂಬ ಹೆಸರಿನಲ್ಲಿ ಇಂದಿಗೂ ಉಳಿದಿರುವುದು ಈ ಸ್ಮೃತಿಯ ಬಲಕ್ಕೆ ಸಾಕ್ಷಿ. 1897ರ ಧೂಪದಾಳ ಒಡ್ಡು, 1977ರಲ್ಲಿ ಪೂರ್ಣಗೊಂಡ ಹಿಡಕಲ್ ಜಲಾಶಯ ಇವು ಆಧುನಿಕ ಅಳತೆಯ ನೆಲೆಗಳು. 2019ರ ಆಗಸ್ಟ್ ತಿಂಗಳಲ್ಲಿ ಲೋಳಸೂರ ಸೇತುವೆ ಮುಳುಗಿ, ಗೋಕಾಕ ಪಟ್ಟಣದ ಓಣಿಗಳಿಗೆ ನೀರು ನುಗ್ಗಿದಾಗ, ಆ ನೆರೆಯನ್ನು ಹಿಂದಿನ ನೆರೆಗಳೊಂದಿಗೆ ತೂಗಿ ನೋಡಲು ಜನರಿಗೆ ಆಧಾರಗಳಿದ್ದವು. ನೆನಪಿದ್ದಲ್ಲಿ ಮಾತ್ರ ವೈಪರೀತ್ಯಕ್ಕೆ ಅರ್ಥವಿದೆ.

ಇದೇ ಮುಂಗಾರಿಗೆ ಇನ್ನೊಂದು ಮುಖವಿದೆ. ಸಹ್ಯಾದ್ರಿಯ ಮೇಲೆ ಸುರಿಯುವ ಮಳೆಯ ಒಂದು ಪಾಲು ಘಟಪ್ರಭೆಯಾಗಿ ಮೂಡಣಕ್ಕೆ ಹರಿದರೆ, ಇನ್ನೊಂದು ಪಾಲು ಕಾಳಿ, ಶರಾವತಿಗಳಂತಹ ನದಿಗಳ ಮೂಲಕ ಪಡುವಣ ಕಡಲನ್ನು ಸೇರುತ್ತದೆ. ಆ ಋತುವಿನಲ್ಲಿಯೇ ಅರಬ್ಬಿ ಸಮುದ್ರದ ಆಳದ ತಣ್ಣೀರು ಮೇಲೇರಿ, ಕರಾವಳಿಗೆ ಹೊಂದಿದ ಆಳ ಕಡಿಮೆಯಿರುವ ಕಡಲ ತಳವನ್ನು ಆವರಿಸುತ್ತದೆ. ಈ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಮಳೆಯ ಹಾಗೂ ನದಿಯ ಸಿಹಿನೀರು ಹಗುರವಾದುದರಿಂದ ಮೇಲೆ ತೆಳುವಾದ ಹೊದಿಕೆಯಂತೆ ಹರಡಿ, ಗಾಳಿಯ ಆಮ್ಲಜನಕ ಕೆಳಗಿಳಿಯದಂತೆ ತಡೆಯುತ್ತದೆ. ಕೊಳೆಯುವ ಜೈವಿಕ ವಸ್ತು ಉಳಿದ ಆಮ್ಲಜನಕವನ್ನೂ ಹೀರಿಬಿಡುತ್ತದೆ. ಹೀಗೆ ಘಟ್ಟದ ಮೂಡಣಕ್ಕೆ ನೆರೆಯನ್ನು ತರುವ ಮಳೆಯೇ ಪಡುವಣದಲ್ಲಿ ಕಡಲ ತಳದ ಉಸಿರುಗಟ್ಟಿಸುವ ಮುಚ್ಚಳವೂ ಆಗುತ್ತದೆ. ಗೋಕಾಕದ ನೆರೆ ಕಣ್ಣಿಗೆ ಕಾಣುತ್ತದೆ. ಕಡಲ ತಳದ್ದು ಕಾಣುವುದಿಲ್ಲ.

ಈ ಕಾಣದ ವೈಪರೀತ್ಯದ ಅಧ್ಯಯನಕ್ಕೆ ದೀರ್ಘ ಚರಿತ್ರೆಯಿಲ್ಲ. 1933–34ರಲ್ಲಿ ಸೇಮೂರ್ ಸೆವೆಲ್ ಅವರ ನೇತೃತ್ವದಲ್ಲಿ ಈಜಿಪ್ಟಿನ ‘ಮಬಾಹಿಸ್’ ಹಡಗಿನಲ್ಲಿ ನಡೆದ ಜಾನ್ ಮರ್ರೆ ಸಂಶೋಧನ ಯಾತ್ರೆಯು ಅರಬ್ಬಿ ಸಮುದ್ರದ ತಳದಲ್ಲಿ ಜೀವಿಗಳು ವಿರಳವಾದ ಪ್ರದೇಶಗಳನ್ನು ಕಂಡಿತು. 1950ರ ದಶಕದ ಕೊನೆಯಲ್ಲಿ ಕಾರ್ಲ್ ಬಾನ್ಸೆ ಅವರು ಕೊಚ್ಚಿಯ ಕಡಲಲ್ಲಿ, ಆಮ್ಲಜನಕ ಕುಸಿದಾಗ ತಳದ ಮೀನುಗಳು ಆ ನೆಲೆಯನ್ನು ತೊರೆಯುವುದನ್ನು ಗುರುತಿಸಿದರು. ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಸಂಶೋಧನ ಯಾತ್ರೆಯ ಬೆನ್ನಿಗೆ 1966ರಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಸ್ಥಾಪನೆಯಾಯಿತು. ಗೋವೆಯ ದೋನಾಪಾವ್ಲ ಅದರ ನೆಲೆ. ಆ ಸಂಸ್ಥೆಯ ವಿಜ್ಞಾನಿಗಳು 1997ರಲ್ಲಿ ಗೋವೆಯ ಕಾಂದೋಳಿ ಕಡಲಿನಲ್ಲಿ ಒಂದೇ ನೆಲೆಯ ನೀರನ್ನು ಮತ್ತೆಮತ್ತೆ ಪರೀಕ್ಷಿಸುವ ಕ್ರಮವನ್ನು ಆರಂಭಿಸಿದರು. ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನವು, ಪಶ್ಚಿಮ ಕರಾವಳಿಯ ಸುಮಾರು 1,80,000 ಚದರ ಕಿಲೋಮೀಟರ್ ವ್ಯಾಪ್ತಿಯಲ್ಲಿ ಈ ಕೊರತೆ ತಲೆದೋರುವುದನ್ನೂ ಅದು ತೀವ್ರಗೊಳ್ಳುತ್ತಿರುವುದನ್ನೂ ತೋರಿಸಿತು.

ಬಿಸಿಯ ವಿಚಾರವೂ ಹೀಗೆಯೇ. ವಾಡಿಕೆಯ ಮಿತಿಯನ್ನು ಮೀರಿದ ಉಷ್ಣತೆ ಐದು ದಿನಕ್ಕಿಂತ ಕಡಿಮೆಯಿಲ್ಲದಂತೆ ನಿಂತರೆ ಅದು ಕಡಲಿನ ಶಾಖದಲೆಯೆಂದು 2016ರಲ್ಲಿ ವಿದ್ವಾಂಸರು ನಿರ್ವಚಿಸಿದರು. ಆ ವಾಡಿಕೆಯನ್ನು ನಿರ್ಧರಿಸಲು ಮೂವತ್ತು ವರ್ಷಗಳ ದಾಖಲೆ ಬೇಕೆಂಬುದು ಅವರ ಸೂಚನೆ. ಉಪಗ್ರಹಗಳು ಅಳೆಯುವುದು ನೀರಿನ ಮೇಲ್ಮೈಯನ್ನು ಮಾತ್ರ. ಉತ್ತರ ಅಮೆರಿಕದ ಕರಾವಳಿಯನ್ನು ಕುರಿತು 2023ರಲ್ಲಿ ಪ್ರಕಟವಾದ ಅಧ್ಯಯನವು, ಮೇಲ್ಮೈಯಲ್ಲಿ ಯಾವ ಸುಳಿವೂ ಇಲ್ಲದೆ ತಳದಲ್ಲಿ ಶಾಖದಲೆ ಉಂಟಾಗಬಹುದೆಂದೂ ಅದು ವಾಡಿಕೆಗಿಂತ 0.5ರಿಂದ 3 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಬಹುದೆಂದೂ ತಿಳಿಸಿತು. ವಿಜ್ಞಾನವು ಕೇಳುತ್ತಿರುವ ಮೂವತ್ತು ವರ್ಷಗಳ ದಾಖಲೆಯೂ ಘಟಪ್ರಭೆಯ ಮುದುಕರ ನೆನಪೂ ಒಂದೇ ಕೆಲಸವನ್ನು ಮಾಡುತ್ತವೆ ಎಂಬುದು ಇಲ್ಲಿ ಗಮನಾರ್ಹ.

ಕಡಲ ತಳಕ್ಕೆ ಒಡ್ಡಿಲ್ಲ, ಸೇತುವೆಯಿಲ್ಲ, ನೀರು ಏರಿದ ಗೆರೆಯನ್ನು ತೋರಿಸುವ ಗೋಡೆಯಿಲ್ಲ. ಅಲ್ಲಿಗೆ ತಲುಪುವುದು ಬಲೆಯೊಂದೇ. ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್, ಜುಲೈ ತಿಂಗಳುಗಳಲ್ಲಿ ನಿಷೇಧವಿದ್ದು, ಆಗಸ್ಟ್‌ನಲ್ಲಿ ದೋಣಿಗಳು ಕಡಲಿಗಿಳಿಯುತ್ತವೆ. ತಳದ ಆಮ್ಲಜನಕ ಅತಿ ಕ್ಷೀಣವಾಗುವುದು ಆಗಿನಿಂದ ಅಕ್ಟೋಬರ್‌ವರೆಗಿನ ಅವಧಿಯಲ್ಲಿಯೇ. ಆದುದರಿಂದ ಮೊಗವೀರ, ಖಾರ್ವಿ, ಹರಿಕಂತ್ರ ಸಮುದಾಯಗಳ ಬಲೆಗಳು ಬರಿದಾಗಿ ಮೇಲೆ ಬಂದ ದಿನಗಳ ನೆನಪು ಬರಿಯ ಕಷ್ಟದ ಕಥನವಲ್ಲ, ತಳದ ಸ್ಥಿತಿಯನ್ನು ಕುರಿತ ಸಾಕ್ಷ್ಯ. ಬಲೆ ಬರಿದಾಗಲು ಅತಿಯಾದ ಮೀನುಗಾರಿಕೆಯೂ ಕಾರಣವಿರಬಹುದಾದ್ದರಿಂದ ಈ ಸಾಕ್ಷ್ಯವನ್ನು ಉಪಕರಣದ ಅಳತೆಯೊಂದಿಗೆ ತಾಳೆ ನೋಡಲೇಬೇಕು. ಆದರೆ ಸಂಗ್ರಹಿಸದ ಸಾಕ್ಷ್ಯವನ್ನು ತಾಳೆ ನೋಡಲು ಬಾರದು. 1970ರ ದಶಕದ ನಡುವಿನಿಂದ ಪರ್ಸಿನ್ ಬಲೆಗಳು ಬಂದು ರಂಪಣಿ ಹಿನ್ನೆಲೆಗೆ ಸರಿದಾಗ, ದಡದಿಂದ ನೀರನ್ನು ಓದುವ ಒಂದು ತಿಳಿವೂ ಕ್ಷೀಣಿಸಿತು. ಅದನ್ನು ಬಲ್ಲ ತಲೆಮಾರು ಈಗ ಇಳಿವಯಸ್ಸಿನಲ್ಲಿದೆ.

ಬರ–ನೆರೆಗಳ ಹಾಡು, ಐತಿಹ್ಯಗಳನ್ನು ಸಂಗ್ರಹಿಸಿದ ಕನ್ನಡ ಜಾನಪದ ಅಧ್ಯಯನವು ಬಹುಮಟ್ಟಿಗೆ ನೆಲವನ್ನು ನಂಬಿದ್ದು. ಕಡಲ ತಳದ ನೆನಪನ್ನು ತಿಂಗಳು, ಸ್ಥಳ, ಆಳ, ಮೀನಿನ ಜಾತಿ ಸಹಿತ ದಾಖಲಿಸುವ ಹೊಣೆಯೂ ಅದರದೇ. ಯಾದವಾಡದ ಕಲ್ಲು ತನ್ನ ಕಡಲಿನ ಕಥೆಯನ್ನು ತಾನೇ ಕಾಯ್ದುಕೊಂಡಿತು. ಇಂದಿನ ಕಡಲ ತಳದ ಕಥೆಯನ್ನು ಮನುಷ್ಯರೇ ಕಾಯಬೇಕಾಗಿದೆ.