ಮಿಶನ್ ಶಾಲೆಯ ನಿಯಮಗಳೂ ಮನೆಯವರ ಮಾತೂ



ಕೆಲವು ದಿನಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ದೂರವಾಣಿಯಲ್ಲಿ ಮಾತನಾಡಿದರು. ಮೂಲತಃ ಶಹಾಪುರ ತಾಲೂಕಿನವರು. ಈಗ ಬೆಂಗಳೂರಿನಲ್ಲಿ ನೆಲೆಸಿದ್ದಾರೆ. ಮಗಳನ್ನು ಒಂದನೆಯ ತರಗತಿಗೆ ಸೇರಿಸಲೆಂದು ಕ್ರೈಸ್ತ ಸಂಸ್ಥೆಯೊಂದರ ಶಾಲೆಗೆ ಹೋದಾಗ ಅವರ ಕೈಗೆ ಒಂದು ಕಿರುಪುಸ್ತಕವನ್ನು ಕೊಟ್ಟರಂತೆ. ಹಾಜರಿ, ಸಮವಸ್ತ್ರ, ಶುಲ್ಕ, ಹೋಮ್‌ವರ್ಕ್, ಪಾಲಕರ ಸಭೆ, ಬೆಳಗಿನ ಪ್ರಾರ್ಥನೆ, ಶಿಸ್ತು ಹೀಗೆ ಪುಟಕ್ಕೊಂದು ನಿಯಮ. ಕಡೆಯ ಪುಟದಲ್ಲಿ ತಂದೆತಾಯಿಗಳು ಸಹಿ ಹಾಕಬೇಕಾದ ಜಾಗ. ಅವರು ನಗುತ್ತಲೇ ಕೇಳಿದರು: "ಸರ, ನಮ್ಮಪ್ಪ ನನ್ನ ಸಾಲಿಗೆ ಹಾಕುವಾಗ ಹೆಬ್ಬೆಟ್ಟು ಒತ್ತಿ ಬಂದಿದ್ದ. ಅದರಾಗ ಏನ್ ಬರದಿತ್ತಂತ ಅವಗ ಗೊತ್ತಿರಲಿಲ್ಲ. ನಾ ಓದಿ ಸಹಿ ಮಾಡಬೇಕಾಗ್ಯದ. ಮಾಡಬೇಕೋ ಬ್ಯಾಡೋ ಹೇಳ್ರಿ."

ಆ ಕ್ಷಣದಲ್ಲಿ ಸರಿಯಾದ ಉತ್ತರ ಹೇಳಲು ನನ್ನಿಂದಾಗಲಿಲ್ಲ. ಶಿಕ್ಷಕ ವೃತ್ತಿಯ ಆರಂಭದ ಕೆಲವು ವರ್ಷಗಳನ್ನು ನಾನು ನಮ್ಮ ಸೀಮೆಯ ಒಂದು ಚಿಕ್ಕ ಕ್ರೈಸ್ತ ಪ್ರಾಥಮಿಕ ಶಾಲೆಯಲ್ಲಿ ಕಳೆದೆ. ಅನಂತರವೇ ಸರಕಾರಿ ಸೇವೆಗೆ ಸೇರಿದ್ದು. ಅಂಥ ನಿಯಮಗಳನ್ನು ಓದಿ ಹೇಳುವ ಕೆಲಸ, ಜಾರಿಗೆ ತರುವ ಕೆಲಸ ಎರಡನ್ನೂ ಮಾಡಿದವನು ನಾನು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ಇತಿಹಾಸದ ಬೆಳಕಿನಲ್ಲಿ ನೋಡಿ, ಬಳಿಕ ನನ್ನ ಮಾತಿಗೆ ಬರುತ್ತೇನೆ.

ಶಾಲೆಗೂ ಮನೆಗೂ ನಡುವಣ ಜಗ್ಗಾಟ ನಮ್ಮ ನೆಲಕ್ಕೆ ಹೊಸದಲ್ಲ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅನ್ನು ನೀವೆಲ್ಲರೂ ಬಲ್ಲಿರಿ. 1841ರಲ್ಲಿ ಸುರಪುರ ಸಂಸ್ಥಾನಕ್ಕೆ ಬಂದ ಫಿಲಿಪ್ ಮೆಡೋಸ್ ಟೇಲರ್, ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ವಿದ್ಯಾಭ್ಯಾಸದ ಹೊಣೆಯನ್ನೂ ಹೊತ್ತನು. ಹುಡುಗ ಅವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನು. ರಾಣಿ ಈಶ್ವರಮ್ಮನಿಗೂ ಟೇಲರನಿಗೂ ಮಾತ್ರ ಸರಿಬರಲಿಲ್ಲ. 1877ರಲ್ಲಿ ಪ್ರಕಟವಾದ ಟೇಲರನ ಆತ್ಮಕಥೆಯಲ್ಲಿ ತಪ್ಪೆಲ್ಲವೂ ತಾಯಿಯದೇ. ಆ ಕಥೆಯನ್ನು ಬರೆದವನು ಪಾಠ ಕಲಿಸಿದವನು. ತಾಯಿಯ ಕಡೆಯ ಮಾತು ಆ ಪುಸ್ತಕದಲ್ಲಿ ಇಲ್ಲ. ಶಾಲೆಯ ದಾಖಲೆಗಳನ್ನು ಓದುವಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ. ದಾಖಲೆ ಯಾವಾಗಲೂ ಮೇಷ್ಟ್ರ ಕೈಬರಹದಲ್ಲಿರುತ್ತದೆ.

ಟೇಲರನದು ಅರಮನೆಯ ಪಾಠ. ಸಾಮಾನ್ಯರ ಮಕ್ಕಳಿಗಾಗಿ ಕ್ರೈಸ್ತ ಮಿಶನ್ ನಡೆಸಿದ ಕನ್ನಡ ಶಾಲೆಗಳ ಕಥೆಯನ್ನು ತಿಳಿಯಬೇಕಾದರೆ ನಾವು ಕರಾವಳಿಗೆ ಹೋಗಬೇಕು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ ಶಾಲೆಗಳ ಕೆಲಸಕ್ಕೆ ಬಲ ಕೊಟ್ಟರು. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಹೊರಡಿಸಿದವರೂ ಅವರೇ. ಅದೇ ಮಿಶನ್ನಿನ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಹೊರಬಂದಿತು. ಈ ಉಪಕಾರವನ್ನು ಕನ್ನಡಿಗರು ಮರೆಯುವಂತಿಲ್ಲ.

ಆದರೆ ಶಾಲೆಗೆ ಮಕ್ಕಳನ್ನು ಕಳಿಸಿದ ಮನೆಗಳು ಬಯಸಿದ್ದು ಇಂಗ್ಲಿಷನ್ನು, ಕಚೇರಿಯ ಕೆಲಸವನ್ನು. ಶಾಲೆ ನಡೆಸಿದವರು ಬಯಸಿದ್ದು ಅದಕ್ಕಿಂತ ಹೆಚ್ಚಿನದನ್ನು. ಈ ಎರಡು ಬಯಕೆಗಳು ಒಂದೇ ಕೋಣೆಯಲ್ಲಿ ಕುಳಿತಿದ್ದರೂ ಪರಸ್ಪರ ಮಾತಾಡಿರಲಿಲ್ಲ. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಮತ್ತು ಇನ್ನಿಬ್ಬರು ಸಾರಸ್ವತ ತರುಣರು ದೀಕ್ಷಾಸ್ನಾನ ಪಡೆದಾಗ ಮಂಗಳೂರು ತಳಮಳಗೊಂಡಿತು. ಪಾಲಕರು ಮಕ್ಕಳನ್ನು ಶಾಲೆಯಿಂದ ಬಿಡಿಸಿಕೊಂಡರು. ಕೌಂಡಿನ್ಯರು ಎಳೆಯ ಮಗುವಾಗಿರಲಿಲ್ಲ. ತಮ್ಮ ಬುದ್ಧಿಯಿಂದಲೇ ಆ ದಾರಿ ಹಿಡಿದರು, ಮುಂದೆ ಬಾಸೆಲ್‌ಗೆ ಹೋಗಿ ಓದಿ ಪಾದ್ರಿಯಾದರು. ಆದರೂ ಮನೆಯವರಿಗೆ ತಾವು ಒಪ್ಪದ ಕರಾರಿಗೆ ಕಟ್ಟುಬಿದ್ದಂತೆ ಅನಿಸಿದ್ದರೆ ಅದನ್ನು ಅಲ್ಲಗಳೆಯಲಾಗದು. 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ಹೈಸ್ಕೂಲನ್ನು ಸ್ಥಾಪಿಸಿದರು. ಊರಿನವರು ತಾವೇ ಶಾಲೆ ಕಟ್ಟಿಕೊಳ್ಳುವ ಕಾಲ ಆ ವೇಳೆಗೆ ಬಂದಿತ್ತು.

ಹಾಗಾದರೆ ಮನೆಯವರ ಮಾತೇ ಯಾವಾಗಲೂ ಸರಿಯೆ? ಇಲ್ಲ. ಅದಕ್ಕೆ ಧಾರವಾಡದ ನಿದರ್ಶನವಿದೆ, ಅದೂ ಮಿಶನ್ ಶಾಲೆಯದಲ್ಲ, ಸರಕಾರಿ ಶಾಲೆಯದು. ಖಾಸಗಿ ಮತ್ತು ಮಿಶನ್ ಶಾಲೆಗಳಿಗೆ ಅನುದಾನದ ದಾರಿ ತೆರೆದ, ಧರ್ಮದ ವಿಷಯದಲ್ಲಿ ಸರಕಾರ ತಟಸ್ಥವಾಗಿರಬೇಕೆಂದ 'ವುಡ್ ವರದಿ' ಬಂದದ್ದು 1854ರಲ್ಲಿ. ಎರಡೇ ವರ್ಷಗಳ ಬಳಿಕ, 1856ರ ಜೂನ್ ತಿಂಗಳಲ್ಲಿ, ಧಾರವಾಡದ ಮಹಾರ್ ಹುಡುಗನೊಬ್ಬ ತನಗೆ ಸರಕಾರಿ ಶಾಲೆಯಲ್ಲಿ ಪ್ರವೇಶ ನಿರಾಕರಿಸಲಾಗಿದೆಯೆಂದು ಮುಂಬಯಿ ಸರಕಾರಕ್ಕೆ ಅರ್ಜಿ ಬರೆದನು. ಒಬ್ಬನನ್ನು ಸೇರಿಸಿಕೊಂಡರೆ ಉಳಿದವರೆಲ್ಲ ಶಾಲೆ ಬಿಡುವರು ಎಂಬ ಅರ್ಥದ ಕಾರಣ ಕೊಟ್ಟು ಸರಕಾರ ಕೈತೊಳೆದುಕೊಂಡಿತು. ಕೊನೆಗೆ ಲಂಡನ್ನಿನ ಕಂಪನಿ ನಿರ್ದೇಶಕರು, ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವು ಎಂದು ಹೇಳಬೇಕಾಯಿತು. ಡಾ. ಅಂಬೇಡ್ಕರರು ಮುಂದೆ ಈ ಪ್ರಕರಣವನ್ನು ಎತ್ತಿ ಹೇಳಿದರು.

ಮಂಗಳೂರಿನಲ್ಲಿ ಶಾಲೆ ಮನೆಯ ಮಾತನ್ನು ಕೇಳಲಿಲ್ಲ. ಧಾರವಾಡದಲ್ಲಿ ಕೆಲವು ಮನೆಗಳ ಮಾತನ್ನು ಮಾತ್ರ ಕೇಳಿ, ಅರ್ಜಿ ಬರೆದ ಹುಡುಗನ ಮಾತನ್ನು ಕೇಳಲಿಲ್ಲ. ಈ ಎರಡನ್ನೂ ಜೊತೆಗಿಟ್ಟುಕೊಂಡೇ ಮುಂದಿನದನ್ನು ಓದಬೇಕೆಂದು ಕೋರುತ್ತೇನೆ.

ಇನ್ನು ನಮ್ಮ ಸೀಮೆ. ಯಾದಗಿರಿ, ಶಹಾಪುರ, ಸುರಪುರಗಳು ನಿಜಾಮರ ರಾಜ್ಯದಲ್ಲಿದ್ದವು. ಆಡಳಿತದ ಭಾಷೆ ಉರ್ದು, ಉಚ್ಚ ಶಿಕ್ಷಣದ ಭಾಷೆಯೂ ಉರ್ದು. ಕನ್ನಡ ಕಲಿಸುವ ಶಾಲೆಗಳು ವಿರಳ. ಗುಲಬರ್ಗಾದಲ್ಲಿ 1907ರಲ್ಲಿ ನೂತನ ವಿದ್ಯಾಲಯ ಹುಟ್ಟಿದ್ದೇ ಒಂದು ದೊಡ್ಡ ಸಂಗತಿ. ಈ ಭಾಗದಲ್ಲಿ ಕೆಲಸ ಮಾಡಿದ ಕ್ರೈಸ್ತರಲ್ಲಿ ಮೆಥಡಿಸ್ಟ್ ಮಿಶನ್ನಿನವರು ಮುಖ್ಯರು. ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆಯ ಹೆಸರನ್ನು ಹಿರಿಯರಿಂದ ನೀವು ಕೇಳಿರಬಹುದು. ಕೆಥೋಲಿಕರ ಗುಲಬರ್ಗಾ ಧರ್ಮಪ್ರಾಂತ ಸ್ಥಾಪನೆಯಾದದ್ದು ತೀರ ಈಚೆಗೆ, 2005ರಲ್ಲಿ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು, 1956ರ ನವೆಂಬರ್ 1ರಂದು ನಾವು ಕನ್ನಡ ರಾಜ್ಯಕ್ಕೆ ಸೇರಿದೆವು, 2009ರ ಕೊನೆಯಲ್ಲಿ ಯಾದಗಿರಿ ಜಿಲ್ಲೆಯಾಯಿತು. ಆದರೂ 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ಮಹಿಳೆಯರಲ್ಲಿ ಶೇ. 41.38 ಮಾತ್ರ. ರಾಜ್ಯದಲ್ಲೇ ಕಡೆಯ ಸ್ಥಾನ. ಅಂದರೆ ಶಾಲೆಯ ನಿಯಮಗಳನ್ನು ಓದಿ ಸಹಿ ಹಾಕಬೇಕಾದ ತಾಯಂದಿರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಓದು ಬರುತ್ತಿರಲಿಲ್ಲ.

ಇಂಥ ಸೀಮೆಯಲ್ಲಿ ನಾನು ಕೆಲಸ ಮಾಡಿದ ಆ ಶಾಲೆಯಲ್ಲಿ ಎರಡು ಘಟನೆಗಳು ನಡೆದವು. ಎರಡೂ 1980ರ ದಶಕದವು.

ಮೊದಲನೆಯದು: ತರಗತಿಯಲ್ಲಿ ಎಲ್ಲ ಮಕ್ಕಳೂ ಸಾಲಾಗಿ ಒಂದೇ ಚಾಪೆಯ ಮೇಲೆ ಕೂಡಬೇಕು, ಒಂದೇ ಕೊಡದ ನೀರು ಕುಡಿಯಬೇಕು ಎಂಬುದು ಶಾಲೆಯ ನಿಯಮವಾಗಿತ್ತು. ಊರಿನ ಅನುಕೂಲಸ್ಥ ಗೃಹಸ್ಥರೊಬ್ಬರು ಬಂದು, ತಮ್ಮ ಮಗನನ್ನು ಬೇರೆ ಕೂರಿಸಿ, ಅವನಿಗೆ ಮನೆಯಿಂದ ನೀರು ಕಳಿಸುತ್ತೇವೆ ಎಂದರು. ಶಾಲೆಗೆ ಅವರಿಂದ ಆಗಾಗ ಸಹಾಯವೂ ಆಗುತ್ತಿತ್ತು. ನಮ್ಮ ಮುಖ್ಯೋಪಾಧ್ಯಾಯಿನಿಯವರು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಚಹಾ ತರಿಸಿ, ಬಹಳ ಮರ್ಯಾದೆಯಿಂದ ಹೇಳಿದರು: "ಯಜಮಾನರೇ, ನೀರು ಕಳಿಸ್ರಿ. ಆದರ ಅದನ್ನ ಇಡೀ ವರ್ಗಕ್ಕ ಸಾಕಾಗುವಷ್ಟು ಕಳಿಸ್ರಿ." ಆ ಗೃಹಸ್ಥರು ಸಿಟ್ಟಿನಿಂದ ಎದ್ದುಹೋದರು, ಹುಡುಗನನ್ನು ಮಾತ್ರ ಬಿಡಿಸಲಿಲ್ಲ. ನಿಯಮ ಬಾಗಲಿಲ್ಲ. ಆ ದಿನ ಆ ಶಾಲೆಯ ಶಿಕ್ಷಕನೆಂಬ ಹೆಮ್ಮೆ ನನಗಾಯಿತು.

ಎರಡನೆಯದನ್ನು ಇದುವರೆಗೆ ನಾನು ಎಲ್ಲೂ ಬರೆದಿಲ್ಲ. ಹದಿನೈದು ದಿನ ಚೀಟಿ ಕಳಿಸದೆ ಗೈರುಹಾಜರಾದರೆ ಹೆಸರನ್ನು ತೆಗೆಯತಕ್ಕದ್ದು ಎಂಬ ಇನ್ನೊಂದು ನಿಯಮವಿತ್ತು. ಮೂರನೆಯ ವರ್ಗದಲ್ಲಿ ಲೆಕ್ಕದಲ್ಲಿ ಬಹಳ ಚುರುಕಾದ ಒಬ್ಬ ಹುಡುಗನಿದ್ದ. ಮಳೆ ಕೈಕೊಟ್ಟ ವರ್ಷ; ಅವನ ಮನೆಯವರು ದುಡಿಯಲು ಗುಳೆ ಹೋದರು. ಮಗುವನ್ನು ಬಿಟ್ಟುಹೋಗಲು ಮನೆಯಲ್ಲಿ ಯಾರೂ ಇರಲಿಲ್ಲ. ಹದಿನಾರನೆಯ ದಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದವನು ನಾನೇ.

ಸುಮಾರು ಮೂರು ತಿಂಗಳ ಬಳಿಕ ಅವನ ಅಜ್ಜಿ ಅವನನ್ನು ಕರೆದುಕೊಂಡು ಬಂದರು. ಹುಡುಗನ ಹೆಗಲಲ್ಲಿ ಪಾಟಿಚೀಲವಿತ್ತು. ಹೆಸರು ಹೋಗಿದೆ, ಹೊಸದಾಗಿ ಪ್ರವೇಶ ಮಾಡಿಸಬೇಕು, ಅದಕ್ಕೆ ಶುಲ್ಕ ಕಟ್ಟಬೇಕು, ಅದೂ ಜೂನ್ ತಿಂಗಳಲ್ಲಿ ಎಂದು ನಾನು ನಿಯಮವನ್ನು ವಿವರಿಸಿದೆ. "ಒಂದು ಚೀಟಿ ಕಳಿಸಿದ್ದರ ಆಗ್ತಿತ್ತಲ್ಲವಾ ಯಮ್ಮಾ" ಎಂದೂ ಅಂದೆ. ಆಕೆ ನನ್ನ ಮುಖವನ್ನೇ ನೋಡಿ ಹೇಳಿದರು: "ಚೀಟಿ ಬರಿಯಾಕ ನಮಗ ಅಕ್ಷರ ಬಂದಿದ್ದರ, ಈ ಕೂಸಿನ್ನ ನಿಮ್ಮ ಸಾಲಿಗೆ ಯಾಕ ಕಳಸ್ತಿದ್ವಿರಿ ಮಾಸ್ತರ?"

ಉತ್ತರ ನನ್ನಲ್ಲಿರಲಿಲ್ಲ. ಮುಖ್ಯೋಪಾಧ್ಯಾಯಿನಿಯವರ ಕೋಣೆ ಹತ್ತು ಹೆಜ್ಜೆಯಲ್ಲಿತ್ತು. ಕೊಡದ ನೀರಿನ ವಿಷಯದಲ್ಲಿ ಅಷ್ಟು ಗಟ್ಟಿಯಾಗಿ ನಿಂತ ಆ ತಾಯಿ ನಾನು ಹೋಗಿ ಕೇಳಿದ್ದರೆ ಬಹುಶಃ ಇಲ್ಲವೆನ್ನುತ್ತಿರಲಿಲ್ಲ. ನಾನು ಹೋಗಿ ಕೇಳಲಿಲ್ಲ. ಜೂನ್ ತಿಂಗಳಲ್ಲಿ ಆ ಹುಡುಗ ಬರಲಿಲ್ಲ. ನಿಯಮದ ಪ್ರಕಾರ ನನ್ನದು ತಪ್ಪಲ್ಲ. ಆದರೆ ಅಂದಿನಿಂದ ನಿಯಮದ ಪ್ರಕಾರ ಎಂಬ ಮಾತು ನನ್ನ ಬಾಯಿಗೆ ಸುಲಭವಾಗಿ ಬರುವುದಿಲ್ಲ.

ಒಂದೇ ಶಾಲೆ, ಒಂದೇ ನಿಯಮಪಟ್ಟಿ. ಮೊದಲನೆಯ ನಿಯಮ ತರಗತಿಯಲ್ಲಿ ಎಲ್ಲರಿಗಿಂತ ದುರ್ಬಲವಾದ ಮಗುವನ್ನು ಕಾಯಿತು. ಎರಡನೆಯದು ಶಾಲೆಯ ಪುಸ್ತಕವನ್ನು ಅಚ್ಚುಕಟ್ಟಾಗಿ ಇರಿಸಿತು, ಅಷ್ಟೆ. ಮೊದಲನೆಯದು ಬಾಗಬಾರದು. ಎರಡನೆಯದು ಬಾಗಬೇಕಾಗಿತ್ತು.

ಇಂದಿನ ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ? ಸಂವಿಧಾನದ 30ನೆಯ ವಿಧಿಯು ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು ಕೊಟ್ಟಿದೆ. ಅದರೊಡನೆಯೇ 28ನೆಯ ವಿಧಿಯ ಮೂರನೆಯ ಖಂಡವು, ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾರನ್ನೂ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಇಲ್ಲವೆ ಪೂಜೆ ಪ್ರಾರ್ಥನೆಗೆ ಒಳಪಡಿಸಕೂಡದು, ಮಗುವಾಗಿದ್ದರೆ ಪಾಲಕರ ಒಪ್ಪಿಗೆ ಬೇಕು ಎನ್ನುತ್ತದೆ. 1844ರ ಮಂಗಳೂರಿನ ಪ್ರಶ್ನೆಗೆ ಇದು ಸಂವಿಧಾನ ಕೊಟ್ಟ ಉತ್ತರವೆಂದರೆ ತಪ್ಪಾಗಲಾರದು. ಆದರೂ ಪ್ರಶ್ನೆ ಮುಗಿದಿಲ್ಲ. 2022ರ ಏಪ್ರಿಲ್ ತಿಂಗಳಲ್ಲಿ ಬೆಂಗಳೂರಿನ ಹಳೆಯ ಕ್ರೈಸ್ತ ಶಾಲೆಯೊಂದರ ಪ್ರವೇಶ ಅರ್ಜಿಯಲ್ಲಿ ಬೈಬಲ್ ತರಲು ಪಾಲಕರು ಆಕ್ಷೇಪಿಸಬಾರದೆಂಬ ಸಾಲು ಇತ್ತೆಂದು ದೊಡ್ಡ ವಿವಾದವೇ ಎದ್ದಿತು. ಶಿಕ್ಷಣ ಇಲಾಖೆ ವಿವರಣೆ ಕೇಳಿತು. ಅಂಥ ಸಹಿಯನ್ನು ಒಪ್ಪಿಗೆಯೆನ್ನಬೇಕೋ ಪ್ರವೇಶಕ್ಕೆ ತೆತ್ತ ಬೆಲೆಯೆನ್ನಬೇಕೋ ಎಂಬುದೇ ಅಲ್ಲಿನ ಪ್ರಶ್ನೆ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕಬಾರದು, ದೇಹದಂಡನೆ ಮಾಡಬಾರದು, ಪ್ರವೇಶಕ್ಕಾಗಿ ಮಗುವನ್ನೋ ಪಾಲಕರನ್ನೋ ಪರೀಕ್ಷೆಗೆ ಒಡ್ಡಬಾರದು ಎಂದು ವಿಧಿಸಿದೆ. ಅದನ್ನು ಓದಿದ ದಿನ ನನಗೆ ಆ ಕೆಂಪು ಗೆರೆ ನೆನಪಾಯಿತು. ಆದರೆ 2014ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದೆಂದು ತೀರ್ಪಿತ್ತಿತು. 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗೆಗೆ ಸಂದೇಹ ವ್ಯಕ್ತಪಡಿಸಿ, ದೊಡ್ಡ ಪೀಠ ಅದನ್ನು ಪರಿಶೀಲಿಸಬೇಕೆಂದು ಸೂಚಿಸಿತು. ಹೀಗಿರುವಾಗ ಕ್ರೈಸ್ತ ಶಾಲೆಯೊಂದು ತಾನೇ ಬರೆದುಕೊಂಡ ನಿಯಮಗಳಿಗೆ ಉಳಿದ ಶಾಲೆಗಳದಕ್ಕಿಂತ ಹೆಚ್ಚಿನ ತೂಕವಿದೆ. ಪಾಲಕರಿಗೂ ಹೊಣೆ ತಪ್ಪಿದ್ದಲ್ಲ: ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣದ ಅವಕಾಶ ಒದಗಿಸುವುದು ಅವರ ಮೂಲಭೂತ ಕರ್ತವ್ಯವೆಂದು 2002ರ ತಿದ್ದುಪಡಿ ಸಂವಿಧಾನದಲ್ಲೇ ಬರೆದಿದೆ.

ಈಗ ನನ್ನ ವಿದ್ಯಾರ್ಥಿಗೆ ಉತ್ತರ. ಸಹಿ ಮಾಡಪ್ಪಾ, ಆದರೆ ಓದಿ ಮಾಡು. ಸಮವಸ್ತ್ರದ ಬಣ್ಣ, ಬೂಟಿನ ಬಣ್ಣಗಳಲ್ಲಿ ಹೊತ್ತು ಕಳೆಯಬೇಡ. ಪ್ರಾರ್ಥನೆ ಮತ್ತು ಧರ್ಮಬೋಧೆಯ ವಿಷಯದಲ್ಲಿ ನಿನ್ನ ಒಪ್ಪಿಗೆಯನ್ನು ಕೇಳಿದ್ದಾರೆಯೇ, ಬೇಡವೆಂದವರ ಮಗು ಆ ಹೊತ್ತಿನಲ್ಲಿ ಎಲ್ಲಿ ಕೂಡುತ್ತದೆ ಎಂದು ನೋಡು. ಮಗು ತಪ್ಪು ಮಾಡಿದಾಗ ಏನು ಮಾಡುತ್ತಾರೆ, ಯಾರು ವಿಚಾರಿಸುತ್ತಾರೆ ಎಂದು ನೋಡು. ಎಲ್ಲಕ್ಕಿಂತ ಮೊದಲು, ಬಹಳ ದಿನ ಬಾರದ ಮಗುವಿನ ಬಗ್ಗೆ ಏನು ಬರೆದಿದ್ದಾರೆ ನೋಡು. ಆ ಮನೆಗೆ ಒಬ್ಬರು ಹೋಗಿ ವಿಚಾರಿಸಿ ಬರುತ್ತಾರೆಂದು ಅಲ್ಲಿ ಬರೆದಿದ್ದರೆ ಅದು ಒಳ್ಳೆಯ ಶಾಲೆ. ನಿನ್ನ ಮಗಳು ಎಂದೂ ಗುಳೆ ಹೋಗಲಾರಳು. ಆದರೆ ಅವಳ ಪಕ್ಕದಲ್ಲಿ ಕೂಡುವ ಮಗು ಹೋಗಬಹುದು. ಬೆಂಗಳೂರಿನ ಎಷ್ಟು ಕಟ್ಟಡಗಳನ್ನು ನಮ್ಮ ಸೀಮೆಯವರು ಕಟ್ಟಿದ್ದಾರೆಂಬುದು ನಿನಗೆ ಗೊತ್ತೇ ಇದೆ. ಪಾಲಕರ ಸಭೆಯಲ್ಲಿ ಆ ಮಗುವಿನ ಪರವಾಗಿ ನೀನು ಮಾತನಾಡು. ಅಂದು ಹತ್ತು ಹೆಜ್ಜೆ ನಡೆಯದ ನಿನ್ನ ಮಾಸ್ತರನ ಪರವಾಗಿಯೂ ಅದು ಸಲ್ಲುತ್ತದೆ.

ನಿಮ್ಮಲ್ಲಿ ಯಾರಿಗಾದರೂ ಹೀಗೆ ಹೆಸರು ತೆಗೆಸಿಕೊಂಡ ಗೆಳೆಯರ ನೆನಪಿದ್ದರೆ ಬರೆದು ತಿಳಿಸಿ. ಹಾಜರಿ ಪುಸ್ತಕದಲ್ಲಿ ಅವರ ಕಥೆ ಸಿಗುವುದಿಲ್ಲ.

ಎಲ್ಲರಿಗೂ ಒಳ್ಳೆಯದಾಗಲಿ.