ಮಾತು ಹುಟ್ಟಿದ್ದು ಹೇಗೆ? ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಿಂದ ಒಂದು ನೋಟ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಯಲ್ಲಿ ಬೆಳೆಯುವ ಮಗುವಿನ ಕಿವಿಗೆ ಒಂದನೇ ಕ್ಲಾಸಿಗೆ ಸೇರುವ ಮೊದಲೇ ಮೂರು ನಾಲ್ಕು ಭಾಷೆಗಳು ಬಿದ್ದಿರುತ್ತವೆ. ಅಂಗಳದಲ್ಲಿ ತುಳು, ಅಂಗನವಾಡಿಯಲ್ಲಿ ಕನ್ನಡ. ಮನೆಯೊಳಗೆ ಬ್ಯಾರಿಯೋ ಕೊಂಕಣಿಯೋ ಹವ್ಯಕ ಕನ್ನಡವೋ ಇರಬಹುದು. ಮುಂಡಾಜೆಯ ಕಡೆಯಾದರೆ ಚಿತ್ಪಾವನಿಯೂ ಕೇಳಿಸೀತು. ಯಾರೂ ಕೂರಿಸಿ ಕಲಿಸಿದ್ದಲ್ಲ. ತುಳುವಿನಲ್ಲಿ ‘ಯಾನ್ ಪೋಪೆ’ ಎಂದರೆ ನಾನು ಹೋಗುತ್ತೇನೆ, ‘ಆಯೆ ಪೋಪೆ’ ಎಂದರೆ ಅವನು ಹೋಗುತ್ತಾನೆ. ಕನ್ನಡ ಲಿಪಿಯಲ್ಲಿ ಬರೆದರೆ ಎರಡು ‘ಪೋಪೆ’ಗಳೂ ಒಂದೇ. ಬಾಯಲ್ಲಿ ಹಾಗಲ್ಲ, ಮೊದಲನೆಯದರ ಕೊನೆಯ ಸ್ವರಕ್ಕೆ ಬಾಯಿ ತುಸು ಹೆಚ್ಚು ತೆರೆಯಬೇಕು. ದೊಡ್ಡವರಾದ ಮೇಲೆ ತುಳು ಕಲಿಯಲು ಹೊರಟವರು ಇಲ್ಲಿ ಎಡವುತ್ತಾರೆ. ಅಂಗಳದಲ್ಲಿ ಆಡುವ ನಾಲ್ಕು ವರ್ಷದ ಮಗು ಎಡವುವುದಿಲ್ಲ.

ಈ ಶಕ್ತಿ ಮನುಷ್ಯನಿಗೆ ಎಲ್ಲಿಂದ ಬಂತು ಎಂಬುದು ವಿಜ್ಞಾನದ ಬಹಳ ಹಳೆಯ, ಬಹಳ ಕಷ್ಟದ ಪ್ರಶ್ನೆಗಳಲ್ಲಿ ಒಂದು. ಇದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡು ಜನರಲ್ಲಿ ಗೊಂದಲ ಹುಟ್ಟಿಸುತ್ತದೆ: ತುಳು, ಕನ್ನಡ, ಕೊರಗ ಮೊದಲಾದ ದ್ರಾವಿಡ ಭಾಷೆಗಳ ಮೂಲ ಎಲ್ಲಿ? ಮೊದಲನೆಯದು ಲಕ್ಷಾಂತರ ವರ್ಷಗಳ ಹಿಂದಿನ ಮಾತು, ಎರಡನೆಯದು ಕೆಲವು ಸಾವಿರ ವರ್ಷಗಳದ್ದು. ಇವೆರಡನ್ನೂ ಬೇರೆ ಬೇರೆ ಇಟ್ಟುಕೊಂಡರೆ ಮಾತ್ರ ಈ ಕ್ಷೇತ್ರ ಬೆಳೆದು ಬಂದ ಬಗೆ ತಿಳಿಯುತ್ತದೆ.

ಮೊದಲ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಅಕ್ಬರನೂ ಒಬ್ಬ. ಮಾತೇ ಕಿವಿಗೆ ಬೀಳದ ಹಾಗೆ ಮಕ್ಕಳನ್ನು ಸಾಕಿದರೆ ಅವು ಯಾವ ಭಾಷೆ ಆಡುತ್ತವೆ ಎಂದು ನೋಡಲು ಆತ ಒಂದು ಮನೆ ಕಟ್ಟಿಸಿದ. 1582ರಲ್ಲಿ ಹೋಗಿ ನೋಡಿದಾಗ ಅಲ್ಲಿ ಮಾತೇ ಇರಲಿಲ್ಲ. ಜನ ಅದನ್ನು ಗುಂಗ್ ಮಹಲ್, ಎಂದರೆ ಮೂಕರ ಮನೆ ಎಂದು ಕರೆದರು. ಇಂದು ಓದಿದರೆ ಆ ಮಕ್ಕಳನ್ನು ನೆನೆದು ಸಂಕಟವಾಗುತ್ತದೆ. ಆದರೂ ಅದರಿಂದ ತಿಳಿದದ್ದು ಸುಳ್ಳಲ್ಲ: ಮಾತಿನ ಶಕ್ತಿ ಹುಟ್ಟಿನಿಂದ ಬಂದರೂ ಮಾತು ತಾನಾಗಿ ಬರುವುದಿಲ್ಲ.

ಇದರ ಇನ್ನೊಂದು ಮುಖ ಕಂಡದ್ದು ಸುಮಾರು ನಾಲ್ಕು ಶತಮಾನಗಳ ನಂತರ, ಮಧ್ಯ ಅಮೆರಿಕದ ನಿಕರಾಗುವಾದಲ್ಲಿ. 1970ರ ದಶಕದ ಕೊನೆಯಲ್ಲಿ ಅಲ್ಲಿ ಕಿವುಡ ಮಕ್ಕಳಿಗೆ ಶಾಲೆಗಳು ತೆರೆದವು. ಅದುವರೆಗೆ ತಂತಮ್ಮ ಮನೆಗಳಲ್ಲಿ ಒಂಟಿಯಾಗಿದ್ದ ಮಕ್ಕಳು ಒಂದೆಡೆ ಸೇರಿದರು. ಶಾಲೆ ಕಲಿಸಲು ಹೊರಟದ್ದು ತುಟಿಯ ಚಲನೆ ನೋಡಿ ಸ್ಪ್ಯಾನಿಷ್ ತಿಳಿಯುವುದನ್ನು. ಮಕ್ಕಳೋ ಆಟದ ಬಯಲಿನಲ್ಲಿ, ಬಸ್ಸಿನಲ್ಲಿ ತಮ್ಮದೇ ಕೈಸನ್ನೆಗಳನ್ನು ಕಟ್ಟಿಕೊಂಡರು. ಆಮೇಲೆ ಬಂದ ಚಿಕ್ಕ ಮಕ್ಕಳ ಕೈಯಲ್ಲಿ ಅದು ವ್ಯಾಕರಣವುಳ್ಳ ಪೂರ್ಣ ಭಾಷೆಯಾಯಿತು. 1986ರಿಂದ ಜೂಡಿ ಕೆಗ್ಲ್ ಮತ್ತಿತರ ಭಾಷಾವಿಜ್ಞಾನಿಗಳು ಇದನ್ನು ಕಣ್ಣಾರೆ ನೋಡಿ ದಾಖಲಿಸಿದರು. ಅಕ್ಬರನ ಮನೆಯ ಮಕ್ಕಳಿಗೆ ಭಾಷೆಯುಳ್ಳ ಒಡನಾಟ ಸಿಗಲಿಲ್ಲ. ನಿಕರಾಗುವಾದ ಮಕ್ಕಳು ಒಡನಾಟ ಸಿಕ್ಕಿದ್ದೇ ತಡ, ಭಾಷೆಯನ್ನೇ ಹುಟ್ಟಿಸಿದರು. ಭಾಷೆಯ ಹುಟ್ಟಿನ ಬಗ್ಗೆ ಇಷ್ಟು ಹತ್ತಿರದ ಸಾಕ್ಷ್ಯ ಇನ್ನೊಂದಿಲ್ಲವೆಂದೇ ನನ್ನ ಭಾವನೆ.

ಈ ಎರಡು ಘಟನೆಗಳ ನಡುವಿನ ಕಾಲದಲ್ಲಿ ಊಹೆಗಳ ಸುರಿಮಳೆಯೇ ಆಗಿತ್ತು. ನಾಯಿಯ ಬೊಗಳಿಕೆಯಂಥ ಸದ್ದುಗಳ ಅನುಕರಣೆಯಿಂದ ಮಾತು ಹುಟ್ಟಿತು ಎಂದರು ಕೆಲವರು, ನೋವಿನ ಉದ್ಗಾರದಿಂದ ಎಂದರು ಇನ್ನು ಕೆಲವರು. 1861ರಲ್ಲಿ ಮ್ಯಾಕ್ಸ್ ಮುಲ್ಲರ್ ತಮ್ಮ ಉಪನ್ಯಾಸಗಳಲ್ಲಿ ಇವಕ್ಕೆ ಅಡ್ಡಹೆಸರಿಟ್ಟು ಲೇವಡಿ ಮಾಡಿದರು. 1866ರಲ್ಲಿ ಪ್ಯಾರಿಸ್ಸಿನ ಭಾಷಾವಿಜ್ಞಾನ ಸಂಘ, ಭಾಷೆಯ ಮೂಲದ ಕುರಿತ ಬರಹಗಳನ್ನು ಸ್ವೀಕರಿಸುವುದೇ ಇಲ್ಲ ಎಂದು ನಿಯಮ ಮಾಡಿತು. ಐದು ವರ್ಷ ಕಳೆದು ಡಾರ್ವಿನ್, ಮಾತಿಗಿಂತ ಮುಂಚೆ ಹಾಡಿನಂಥ ಕೂಗು ಇದ್ದಿರಬಹುದು, ಹಕ್ಕಿಮರಿ ತನ್ನ ಹಾಡು ಕಲಿಯುವುದಕ್ಕೂ ಮಗು ಮಾತು ಕಲಿಯುವುದಕ್ಕೂ ಹೋಲಿಕೆಯಿದೆ ಎಂದು ಬರೆದರು. ಆಗ ಅದನ್ನು ಮುಂದುವರಿಸಲು ಬೇಕಾದ ಸಲಕರಣೆಯೇ ಇರಲಿಲ್ಲ.

ಎರಡನೆಯ ಪ್ರಶ್ನೆ ಮಾತ್ರ ಅದೇ ಕಾಲದಲ್ಲಿ ಚೆನ್ನಾಗಿ ಚಿಗುರಿತು, ಅದೂ ನಮ್ಮ ನೆರೆಯಲ್ಲೇ. 1816ರಲ್ಲಿ ಎಲ್ಲಿಸ್ ದಕ್ಷಿಣದ ಭಾಷೆಗಳದು ಸಂಸ್ಕೃತದಿಂದ ಬೇರೆಯಾದ ಕುಟುಂಬವೆಂದು ತೋರಿಸಿದರು. 1856ರಲ್ಲಿ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದು, ಹೇಳಿಕೊಳ್ಳುವಂಥ ಲಿಖಿತ ಸಾಹಿತ್ಯವಿಲ್ಲದಿದ್ದರೂ ತುಳು ಈ ಕುಟುಂಬದ ಅತ್ಯಂತ ಬೆಳೆದ ಭಾಷೆಗಳಲ್ಲಿ ಒಂದೆಂದು ಗುರುತಿಸಿದರು. ಬಾಸೆಲ್ ಮಿಷನ್ನಿನವರಿಂದ 1872ರಲ್ಲಿ ಬ್ರಿಗೆಲ್ ಅವರ ತುಳು ವ್ಯಾಕರಣ, 1886ರಲ್ಲಿ ಮೆನ್ನರ್ ಅವರ ತುಳು ನಿಘಂಟು ಮಂಗಳೂರಿನಿಂದ ಹೊರಬಂದವು. ಬರಹವಿದ್ದರೇ ಭಾಷೆ ಎಂಬ ಹಮ್ಮು ಇಲ್ಲಿಂದಲೇ ಸಡಿಲವಾಗತೊಡಗಿತು. ಮೂಡುಬಿದಿರೆಯ ಜೈನ ಮಠ ಶತಮಾನಗಳಿಂದ ಕಾಪಾಡಿಕೊಂಡು ಬಂದ ಧವಲಾದಿ ತಾಳೆಗರಿಗಳಲ್ಲಿ ಪ್ರಾಕೃತವು ಕನ್ನಡ ಲಿಪಿಯಲ್ಲಿದೆ. ಅದು ನಾಡಿನ ಹೆಮ್ಮೆ. ಆದರೆ ಲೋಕದಲ್ಲಿ ಬರವಣಿಗೆಗೇ ಸುಮಾರು ಐದು ಸಾವಿರ ವರ್ಷ. ನಮ್ಮ ಜಾತಿಯ ಮನುಷ್ಯನಿಗೆ ಸುಮಾರು ಮೂರು ಲಕ್ಷ ವರ್ಷ. ತಾಳೆಗರಿ, ಶಿಲಾಶಾಸನಗಳೆಲ್ಲ ಸೇರಿದರೂ ಮಾತಿನ ಚರಿತ್ರೆಯ ತುದಿಯನ್ನಷ್ಟೇ ಮುಟ್ಟುತ್ತವೆ.

ಇಪ್ಪತ್ತನೆಯ ಶತಮಾನದಲ್ಲಿ ಮೊದಲ ಪ್ರಶ್ನೆಗೆ ಜೀವ ಬಂದದ್ದು ಭಾಷಾವಿಜ್ಞಾನಿ ಚಾಮ್‌ಸ್ಕಿಯವರಿಂದ. ಭಾಷೆ ಮನುಷ್ಯನ ಹುಟ್ಟುಗುಣ ಎಂದು ಅವರು 1950ರ ದಶಕದ ಕೊನೆಯಿಂದ ವಾದಿಸಿದರೂ ಅದರ ವಿಕಾಸದ ಬಗ್ಗೆ ಬಹುಕಾಲ ಹೆಚ್ಚು ಮಾತಾಡಲಿಲ್ಲ. 1990ರಲ್ಲಿ ಪಿಂಕರ್ ಮತ್ತು ಬ್ಲೂಮ್, ಕಣ್ಣು ವಿಕಾಸವಾದ ಹಾಗೆಯೇ ಭಾಷೆಯೂ ನೈಸರ್ಗಿಕ ಆಯ್ಕೆಯಿಂದ ಮೆಲ್ಲಮೆಲ್ಲಗೆ ಬೆಳೆಯಿತು ಎಂದು ಬರೆದರು. 2002ರಲ್ಲಿ ಹೌಸರ್, ಚಾಮ್‌ಸ್ಕಿ, ಫಿಚ್ ಸೇರಿ, ವಾಕ್ಯದೊಳಗೆ ವಾಕ್ಯ ಕೂರಿಸುವ ಸಾಮರ್ಥ್ಯವೊಂದೇ ಮನುಷ್ಯನಿಗೆ ವಿಶಿಷ್ಟವಾದದ್ದಿರಬಹುದು, ಉಳಿದವೆಲ್ಲ ಪ್ರಾಣಿಗಳಲ್ಲೂ ಅಷ್ಟಿಷ್ಟು ಇವೆ ಎಂದರು. ಆ ಜಗಳ ಇನ್ನೂ ಮುಗಿದಿಲ್ಲ.

ಎಲುಬು, ವಂಶವಾಹಿಗಳ ಕಡೆಯಿಂದ ಬಂದ ಉತ್ತರಗಳು ಒಂದೊಂದಾಗಿ ಅಲುಗಿವೆ. ಗಂಟಲಿನ ಧ್ವನಿಪೆಟ್ಟಿಗೆ ಕೆಳಗಿಳಿದದ್ದರಿಂದಲೇ ಮನುಷ್ಯನಿಗೆ ಮಾತು ಬಂತು, ನಮಗೆ ಹತ್ತಿರದ ಹಳೆಯ ಮಾನವಜಾತಿಯಾದ ನಿಯಾಂಡರ್ತಾಲರಿಗೆ ನಮ್ಮಷ್ಟು ಸ್ವರ ಸಾಧ್ಯವಿರಲಿಲ್ಲ ಎಂದು 1971ರಲ್ಲಿ ಲೀಬರ್‌ಮನ್ ಮತ್ತು ಕ್ರೆಲಿನ್ ಹೇಳಿದರು. 1983ರಲ್ಲಿ ಇಸ್ರೇಲಿನ ಕೆಬಾರಾ ಗುಹೆಯಲ್ಲಿ ಸಿಕ್ಕ ನಿಯಾಂಡರ್ತಾಲ್ ಅಸ್ಥಿಪಂಜರದಲ್ಲಿ ನಾಲಿಗೆಯ ಬುಡದ ಸಣ್ಣ ಎಲುಬು ಉಳಿದಿತ್ತು. ಅದು ನಮ್ಮದನ್ನೇ ಹೋಲುತ್ತಿತ್ತು. 2016ರಲ್ಲಿ ಫಿಚ್ ಮತ್ತು ಸಂಗಡಿಗರು ಬದುಕಿರುವ ಕೋತಿಯ ಗಂಟಲನ್ನು ಎಕ್ಸ್‌ರೇ ವಿಡಿಯೋದಲ್ಲಿ ನೋಡಿ, ಅದರ ಗಂಟಲೂ ಮಾತಿಗೆ ಸಾಕಷ್ಟು ಸಜ್ಜಾಗಿದೆ, ಕೊರತೆಯಿರುವುದು ಮಿದುಳಿನಲ್ಲಿ ಎಂದರು. ವಂಶವಾಹಿಯ ಕಥೆಯೂ ಹೀಗೆಯೇ. ಮೂರು ತಲೆಮಾರುಗಳಿಂದ ಮಾತಿನ ತೊಡಕಿದ್ದ ಲಂಡನ್ನಿನ ಒಂದು ಕುಟುಂಬದಲ್ಲಿ 2001ರಲ್ಲಿ ಫಾಕ್ಸ್‌ಪಿ2 ಎಂಬ ವಂಶವಾಹಿಯ ದೋಷ ಪತ್ತೆಯಾಯಿತು. ‘ಭಾಷೆಯ ಜೀನ್ ಸಿಕ್ಕಿತು’ ಎಂದು ಪತ್ರಿಕೆಗಳು ಬರೆದವು. 2007ರಲ್ಲಿ ನಿಯಾಂಡರ್ತಾಲರಲ್ಲೂ ಅದರ ಅದೇ ರೂಪ ಕಂಡಿತು. 2018ರ ಅಧ್ಯಯನವೊಂದು, ಇತ್ತೀಚಿನ ವಿಕಾಸದಲ್ಲಿ ಅದಕ್ಕೆ ವಿಶೇಷ ಆಯ್ಕೆ ನಡೆದ ಗುರುತಿಲ್ಲ ಎಂದು ತೋರಿಸಿತು. ಈಗ ಮಾತಿಗೆ ಐದು ಲಕ್ಷ ವರ್ಷ ಎನ್ನುವವರೂ ಇದ್ದಾರೆ, ಅದರ ಕಾಲು ಭಾಗವೂ ಆಗಿಲ್ಲ ಎನ್ನುವವರೂ ಇದ್ದಾರೆ.

ಪ್ರಾಣಿಗಳ ಅಧ್ಯಯನದಲ್ಲಿ ಕರ್ನಾಟಕದ ಪಾಲೂ ಇದೆ. ಬೆಳ್ತಂಗಡಿಯಿಂದ ಚಾರ್ಮಾಡಿ ಘಾಟಿ ಹತ್ತಿದವರು ರಸ್ತೆಬದಿಯಲ್ಲಿ ತಿಂಡಿಗೆ ಕಾಯುವ ಮಂಗಗಳನ್ನು ನೋಡಿರುತ್ತಾರೆ. ಇದೇ ಜಾತಿಯ ಮಂಗಗಳನ್ನು ಬಂಡೀಪುರದಲ್ಲಿ ಗಮನಿಸಿದ ಅದ್ವೈತ್ ದೇಶಪಾಂಡೆ, ಶ್ರೀಜಾತಾ ಗುಪ್ತಾ, ಅನಿಂದ್ಯ ಸಿನ್ಹಾ 2018ರಲ್ಲಿ ಒಂದು ಕುತೂಹಲದ ಸಂಗತಿಯನ್ನು ಪ್ರಕಟಿಸಿದರು. ಕೈಯಲ್ಲಿ ತಿಂಡಿ ಹಿಡಿದ ಮನುಷ್ಯ ಕಂಡರೆ ಮಂಗ ‘ಕೂ’ ಎಂದು ಕರೆಯುತ್ತದೆ, ಕೈ ಚಾಚುತ್ತದೆ, ಅವನ ಮುಖ ನೋಡುತ್ತದೆ. ಎದುರಿನವನ ಗಮನ ಎತ್ತಲಿದೆ ಎಂದು ನೋಡಿಕೊಂಡು, ಉದ್ದೇಶವಿಟ್ಟುಕೊಂಡು ಸಂಜ್ಞೆ ಮಾಡುವುದು ಮಾತಿನ ಬುನಾದಿಗಳಲ್ಲಿ ಒಂದು. ಮಂಗ ಅಲ್ಲಿಗೆ ನಿಲ್ಲುತ್ತದೆ. ನಿನ್ನೆಯ ತಿಂಡಿಯ ಸುದ್ದಿ ಹೇಳಲು ಅದಕ್ಕೆ ಬರುವುದಿಲ್ಲ.

ಬರಹವಿಲ್ಲದ ಮಾತು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಬೆಳ್ತಂಗಡಿ ತಾಲೂಕಿನಲ್ಲೇ ಜಗತ್ತು ಗಮನಿಸಿದ ಸಾಕ್ಷಿಯಿದೆ. ಉಜಿರೆಯ ಬಳಿಯ ಮಾಚಾರಿನ ಗೋಪಾಲ ನಾಯ್ಕರು ಕೃಷಿಕರಾಗಿದ್ದರು, ತುಳುನಾಡಿನ ದೈವ ಸಿರಿಯ ಆರಾಧನೆಯನ್ನು ನಡೆಸುತ್ತಿದ್ದರು. 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ, ಅನ್ನೆಲಿ ಹಾಂಕೊ, ನಮ್ಮ ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರು ಅವರ ಬಾಯಿಂದ ಸಿರಿಯ ಕಥೆಯನ್ನು ಧ್ವನಿಮುದ್ರಿಸಿಕೊಂಡರು. ಬರೆದುಕೊಂಡಾಗ ಅದು 15,683 ಸಾಲಾಯಿತು. ಗ್ರೀಕರ ಇಲಿಯಡ್ ಕಾವ್ಯದಷ್ಟೇ ಉದ್ದ. 1998ರಲ್ಲಿ ಅದು ಹೆಲ್ಸಿಂಕಿಯಿಂದ ಪ್ರಕಟವಾಯಿತು. ಗದ್ದೆಯಲ್ಲಿ ನೇಜಿ ನೆಡುವಾಗ ಹೆಂಗಸರು ಹೇಳುವ ಪಾಡ್ದನಕ್ಕೂ ಸಿರಿ ಜಾತ್ರೆಯ ಸಂದರ್ಭಕ್ಕೂ ತಕ್ಕಂತೆ ಕಥೆ ಹಿಗ್ಗುತ್ತದೆ, ಕುಗ್ಗುತ್ತದೆ. ಹಾಡುಗಾರ ಬಾಯಿಪಾಠ ಒಪ್ಪಿಸುತ್ತಿಲ್ಲ, ಮನಸ್ಸಿನಲ್ಲಿರುವ ಕಥೆಯ ಹಂದರದಿಂದ ಆಗಿಂದಾಗ್ಗೆ ಕಟ್ಟಿ ಹೇಳುತ್ತಾನೆ ಎಂಬುದು ಹಾಂಕೊ ಅವರ ತಿಳಿವಳಿಕೆ. ಬರವಣಿಗೆ ಬರುವ ಮುನ್ನ ಅಷ್ಟು ದೀರ್ಘಕಾಲ ಮನುಷ್ಯ ಮಾತನ್ನು ಹೊತ್ತು ಬಂದದ್ದು ಹೇಗೆಂದು ಕೇಳುವವರು ಮಾಚಾರಿನ ಈ ದಾಖಲೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಇನ್ನು ಎರಡನೆಯ ಪ್ರಶ್ನೆಗೆ ಮರಳಿದರೆ, ಕೊರಗ ಭಾಷೆ. ಈ ಮೂರೂ ತಾಲೂಕುಗಳಲ್ಲಿ ಕೊರಗರ ಕೊಪ್ಪಗಳಿವೆ. ಕಾಡುಬಳ್ಳಿಯಿಂದ, ಬಿದಿರಿನಿಂದ ಬುಟ್ಟಿ ಹೆಣೆಯುವ, ಡೋಲು ಬಾರಿಸುವ ಈ ಜನರನ್ನು ಊರು ದುಡಿಸಿಕೊಂಡಿತು, ದೂರವಿಟ್ಟಿತು. ಹೀಗೆ ಅವರನ್ನು ಕೀಳಾಗಿ ಕಂಡು ದುಡಿಸಿಕೊಳ್ಳುವ ಅಜಲು ಪದ್ಧತಿಯನ್ನು ಕಾನೂನಿನಿಂದ ನಿಷೇಧಿಸಿದ್ದು 2000ದಲ್ಲಿ. 2011ರ ಜನಗಣತಿಯಂತೆ ರಾಜ್ಯದಲ್ಲಿ ಅವರ ಸಂಖ್ಯೆ 15 ಸಾವಿರದೊಳಗೆ. ಹಳೆಯ ಬರಹಗಳು ಕೊರಗರ ಭಾಷೆಯನ್ನು ಹೊರಗಿನವರಿಗೆ ಬಿಟ್ಟುಕೊಡದ ಗುಟ್ಟಿನ ಮಾತು ಎಂದವು. ಅದನ್ನು ಭಾಷೆಯೆಂದು ಕ್ರಮವಾಗಿ ಅಭ್ಯಾಸ ಮಾಡಿದವರು ಪುತ್ತೂರಿನ ಡಿ. ಎನ್. ಶಂಕರ ಭಟ್ಟರು. ತುಳುವಿನ ವಿವರಣಾತ್ಮಕ ಅಧ್ಯಯನ ಮುಗಿಸಿದ್ದ ಅವರ ಕೊರಗ ಭಾಷೆಯ ಪುಸ್ತಕ 1971ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಬಂತು. ಸುತ್ತಲೂ ತುಳುವೇ ಇದ್ದರೂ ಈ ಭಾಷೆಯ ಕೆಲವು ಲಕ್ಷಣಗಳು ದೂರದ ಕುರುಖ್, ಮಾಲ್ತೊ, ಬಲೂಚಿಸ್ತಾನದ ಬ್ರಾಹುಯಿ ಭಾಷೆಗಳನ್ನು ಹೋಲುತ್ತವೆ ಎಂದು ಅವರು ತೋರಿಸಿದರು. ಭದ್ರಿರಾಜು ಕೃಷ್ಣಮೂರ್ತಿಯವರು 2003ರ ತಮ್ಮ ಗ್ರಂಥದಲ್ಲಿ ಅದನ್ನು ತುಳುವಿನ ಜೊತೆ ದಕ್ಷಿಣ ಶಾಖೆಗೇ ಸೇರಿಸಿದರು. ಚರ್ಚೆ ಹಾಗೇ ಉಳಿದಿದೆ.

2018ರಲ್ಲಿ ವಿಷ್ಣುಪ್ರಿಯಾ ಕೋಲಿಪಾಕಂ ಮತ್ತು ಸಂಗಡಿಗರು 20 ದ್ರಾವಿಡ ಭಾಷೆಗಳ ಮೂಲಪದಗಳನ್ನು ಗಣಕಯಂತ್ರದ ಲೆಕ್ಕಕ್ಕೆ ಒಡ್ಡಿ, ಈ ಕುಟುಂಬಕ್ಕೆ ಸುಮಾರು 4,500 ವರ್ಷ ಎಂದು ಅಂದಾಜು ಮಾಡಿದರು. 2025ರಲ್ಲಿ ಮಂಗಳೂರು ವಿಶ್ವವಿದ್ಯಾಲಯ, ಯೆನೆಪೋಯ ಮತ್ತು ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು (ಜೈಸನ್ ಸಿಕ್ವೇರಾ, ಮುಹಮ್ಮದ್ ಮುಸ್ತಾಕ್, ರಣಜಿತ್ ದಾಸ್, ಜಾರ್ಜ್ ವಾನ್ ಡ್ರೀಮ್ ಮೊದಲಾದವರು) ಕೊರಗರ ವಂಶವಾಹಿಗಳಲ್ಲಿ ಸುಮಾರು 4,400 ವರ್ಷ ಹಳೆಯ ಪ್ರತ್ಯೇಕ ಎಳೆಯೊಂದನ್ನು ಗುರುತಿಸಿ, ಅದನ್ನು ಮೂಲ ದ್ರಾವಿಡರೊಂದಿಗೂ ಇರಾನಿನ ಪ್ರಸ್ಥಭೂಮಿ ಮತ್ತು ಸಿಂಧೂ ಕಣಿವೆಯ ನಡುವಿನ ಸೀಮೆಯೊಂದಿಗೂ ಜೋಡಿಸಿದರು. ಎರಡು ಬೇರೆ ಬೇರೆ ದಾರಿಯಲ್ಲಿ ಬಂದ ಲೆಕ್ಕಗಳು ಇಷ್ಟು ಹತ್ತಿರ ಬಂದದ್ದು ನಿಜಕ್ಕೂ ರೋಮಾಂಚನದ ಸಂಗತಿ.

ಆದರೂ ಇಲ್ಲಿ ಎಚ್ಚರ ಬೇಕು. ರಕ್ತ ಒಂದು ದಾರಿಯಲ್ಲಿ, ಭಾಷೆ ಇನ್ನೊಂದು ದಾರಿಯಲ್ಲಿ ಬರುವುದು ಹೊಸತೇನಲ್ಲ. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪೂರ್ವಜರು ಆಫ್ರಿಕದವರು, ಅವರ ಮನೆಮಾತು ಕೊಂಕಣಿ, ಕನ್ನಡ. ವಂಶವಾಹಿಯೊಂದರಿಂದಲೇ ಭಾಷೆಯ ಹುಟ್ಟೂರು ಹೇಳಲಾಗದು. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ: ಕೊರಗ ಭಾಷೆ ಹಳೆಯದು ಎಂಬುದನ್ನು ಕೇಳಿ ಅದು ಮನುಷ್ಯನ ಆದಿ ಮಾತು, ಅರೆಬೆಂದ ಮಾತು ಎಂದುಕೊಳ್ಳುವುದು. 4,400 ವರ್ಷ ಎಂದರೆ ಮಾತಿನ ಆಯಸ್ಸಿನಲ್ಲಿ ನಿನ್ನೆ ಮೊನ್ನೆ. ಕೊರಗ ಭಾಷೆಗೆ ಕನ್ನಡದಷ್ಟೇ, ಇಂಗ್ಲಿಷಿನಷ್ಟೇ ಪೂರ್ಣ ವ್ಯಾಕರಣವಿದೆ. ಮನುಷ್ಯರಾಡುವ ಯಾವ ಭಾಷೆಯೂ ವಿಕಾಸದ ಕೆಳಗಿನ ಮೆಟ್ಟಿಲಲ್ಲಿ ನಿಂತಿಲ್ಲ. ಇಷ್ಟು ವರ್ಷಗಳ ಸಂಶೋಧನೆ ನಿಸ್ಸಂದೇಹವಾಗಿ ಹೇಳಿದ ಸಂಗತಿಗಳಲ್ಲಿ ಇದು ಮುಖ್ಯವಾದದ್ದು.

ಈ ಭಾಷೆ ಆಡುವವರು ಕಡಿಮೆಯಾಗುತ್ತಿದ್ದಾರೆ. ಶಾಲೆಯಲ್ಲಿ, ಹಾಸ್ಟೆಲಿನಲ್ಲಿ, ಪೇಟೆಯಲ್ಲಿ ಕೊರಗ ಮಕ್ಕಳ ಜೊತೆಗಾರರೆಲ್ಲ ತುಳು, ಕನ್ನಡ ಆಡುವವರು; ಎಷ್ಟೋ ಮನೆಗಳಲ್ಲಿ ಹಿರಿಯರೂ ತುಳುವಿಗೆ ಹೊರಳಿದ್ದಾರೆ. ನಿಕರಾಗುವಾದಲ್ಲಿ ಭಾಷೆ ಹುಟ್ಟಿದ್ದು ಮಕ್ಕಳು ಒಟ್ಟುಗೂಡಿದ್ದರಿಂದ. ಇಲ್ಲಿ ಭಾಷೆ ಬಡವಾಗುತ್ತಿರುವುದು ಅದನ್ನಾಡುವ ಮಕ್ಕಳು ಒಟ್ಟುಗೂಡುವ ಜಾಗವಿಲ್ಲದ್ದರಿಂದ. ವಂಶವಾಹಿಯ ಮಾದರಿಯನ್ನು ನಾಳೆಯೂ ಪರೀಕ್ಷಿಸಬಹುದು, ಆಡುವವರಿಲ್ಲದ ಭಾಷೆಯನ್ನು ಕೇಳಿಸಿಕೊಳ್ಳಲಾಗದು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಾಲೇಜುಗಳಲ್ಲಿ ಭಾಷೆ, ಜೀವಶಾಸ್ತ್ರ, ಸಮಾಜಶಾಸ್ತ್ರ ಕಲಿಸುವವರಲ್ಲಿ ಒಂದು ವಿನಂತಿ. ಕೊಪ್ಪದ ಹಿರಿಯರ ಒಪ್ಪಿಗೆ ಪಡೆದು, ಓದಿದ ಕೊರಗ ಯುವಕ ಯುವತಿಯರನ್ನೇ ಮುಂದಿಟ್ಟುಕೊಂಡು, ಅವರ ಮಾತು, ಕಥೆ, ಹಾಡುಗಳನ್ನು ಧ್ವನಿಮುದ್ರಿಸಿ. ಅದರ ಒಂದು ಪ್ರತಿ ಅವರ ಕೈಯಲ್ಲೇ ಉಳಿಯಲಿ. ಅಂಗನವಾಡಿಯಲ್ಲಿ ಆ ಭಾಷೆ ಆಡುವ ಒಬ್ಬ ಅಜ್ಜಿಗೆ ಜಾಗ ಕೊಡಿ. ಈ ಕೆಲಸ ಈ ವರ್ಷವೇ ಶುರುವಾಗಬೇಕು.