ಉದ್ರಿ ಬಾಕಿ, ಬಾಡಿಗೆ ತಕರಾರು: ಕೇಸು ಹಾಕುವ ಮುಂಚೆ ರಾಜಿ ಮಾಡ್ಕೊಳ್ಳೋದು ಹೇಗೆ?

ಸಿಮೆಂಟು, ಕಬ್ಬಿಣ ಮಾರುವ ಅಂಗಡಿಯವರೊಬ್ಬರು ಮನೆ ಕಟ್ಟಿಸುವ ಮೇಸ್ತ್ರಿಗೆ ಉದ್ರಿ ಕೊಟ್ಟಿದ್ದಾರೆ ಎಂದುಕೊಳ್ಳಿ. ಬಾಕಿ 85,000 ರೂ. 'ಇಪ್ಪತ್ತು ಚೀಲ ಗಟ್ಟಿಯಾಗಿತ್ತು, ಅದರ ದುಡ್ಡು ಕೊಡಲ್ಲ' ಅನ್ನೋದು ಮೇಸ್ತ್ರಿ ವಾದ. ಕೇಸು ಹಾಕಿದರೆ ಕೋರ್ಟ್ ಶುಲ್ಕ, ವಕೀಲರ ಫೀಸು, ವಾಯಿದೆ ಮೇಲೆ ವಾಯಿದೆ. ಅಂಗಡಿ ಬಾಗಿಲು ಹಾಕಿ ಹೋದ ದಿನಗಳ ಲೆಕ್ಕ ಬೇರೆ. ಇಂಥ ಜಗಳಗಳಿಗೆ ಮಾತುಕತೆಯೇ ಸರಿಯಾದ ದಾರಿ. ಆದರೆ ಆ ಮಾತುಕತೆ ಎಲ್ಲಿ ನಡೆಯಿತು, ಕಾಗದದ ಮೇಲೆ ಯಾರ ಸಹಿ ಬಿತ್ತು ಅನ್ನೋದರ ಮೇಲೆ ದುಡ್ಡು ಬರೋದು ನಿಂತಿದೆ.

ಊರ ಹಿರಿಯರ ಮುಂದೆ ಛಾಪಾ ಕಾಗದದಲ್ಲಿ ಬರೆಸಿಕೊಂಡರೆ ಕೆಲಸ ಮುಗೀತು ಅಂತ ಬಹಳ ಜನ ತಿಳಿದಿದ್ದಾರೆ. ಅದು ಒಪ್ಪಂದವೇನೋ ಹೌದು. ಆದರೆ ಎದುರಿನವರು ಮಾತು ತಪ್ಪಿದರೆ ಆ ಕಾಗದ ಹಿಡಿದುಕೊಂಡು ಮತ್ತೆ ಮೊದಲಿನಿಂದ ದಾವೆ ಹೂಡಬೇಕು. ಅದೇ ರಾಜಿ ಲೋಕ ಅದಾಲತ್‌ನಲ್ಲಿ ಆದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 21ನೇ ಕಲಂ ಪ್ರಕಾರ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ. ದುಡ್ಡು ಕೊಡದಿದ್ದರೆ ಹೊಸ ದಾವೆ ಬೇಕಿಲ್ಲ, ನೇರವಾಗಿ ಅಮಲ್ಜಾರಿ ಅರ್ಜಿ ಹಾಕಬಹುದು.

ಇದಕ್ಕೆ ಕೇಸು ಮೊದಲೇ ದಾಖಲಾಗಿರಬೇಕು ಅಂತಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಅದರ ಕಚೇರಿ ಸಾಮಾನ್ಯವಾಗಿ ಕೋರ್ಟ್ ಆವರಣದಲ್ಲೇ ಇರುತ್ತೆ. ಯಾರು, ಯಾರಿಂದ, ಎಷ್ಟು, ಯಾವಾಗಿನಿಂದ ಅಂತ ಬರೆದು ಬಿಲ್ಲು, ಉದ್ರಿ ಪುಸ್ತಕ, ಮೊಬೈಲಿನಲ್ಲಿ ಬಂದ ಮೆಸೇಜುಗಳ ಪ್ರತಿ ಲಗತ್ತಿಸಿದರೆ ಒಳ್ಳೆಯದು. ಲೋಕ ಅದಾಲತ್‌ಗೆ ಶುಲ್ಕವಿಲ್ಲ. ಸಮಿತಿ ಎದುರಿನವರಿಗೆ ನೋಟಿಸ್ ಕಳಿಸುತ್ತೆ. ಅವರು ಬರಲೇಬೇಕೆಂಬ ಒತ್ತಾಯ ಮಾತ್ರ ಇಲ್ಲ. ಇದೇ ಈ ವ್ಯವಸ್ಥೆಯ ದೊಡ್ಡ ಕೊರತೆ. ಆದರೂ ಹತ್ತು ಸಲ ಫೋನ್ ಎತ್ತದವರು ಕೋರ್ಟ್ ಆವರಣದಿಂದ ಕಾಗದ ಬಂದರೆ ಒಂದು ಸಲ ಬಂದು ಕೂರುವ ಸಾಧ್ಯತೆ ಹೆಚ್ಚು.

ಕೇಸು ಈಗಾಗಲೇ ನಡೀತಿದ್ದರೆ ನ್ಯಾಯಾಧೀಶರೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ ಅಡಿ ಮಧ್ಯಸ್ಥಿಕೆಗೆ ಕಳಿಸಬಹುದು. ಬೆಂಗಳೂರಿನಲ್ಲಿ ಹೈಕೋರ್ಟಿನ ಆಶ್ರಯದಲ್ಲಿ ಮಧ್ಯಸ್ಥಿಕೆ ಕೇಂದ್ರ ಶುರುವಾಗಿದ್ದು 2007ರಲ್ಲಿ. ಲೋಕ ಅದಾಲತ್‌ಗೂ ಮಧ್ಯಸ್ಥಿಕೆಗೂ ವ್ಯತ್ಯಾಸ ಇದೆ. ಅದಾಲತ್ ದಿನ ಕೇಸುಗಳ ಸಾಲೇ ಇರುತ್ತೆ, ಒಂದೊಂದಕ್ಕೆ ಸಿಗೋದು ಸ್ವಲ್ಪ ಹೊತ್ತು. ಮಧ್ಯಸ್ಥಿಕೆಯಲ್ಲಿ ತರಬೇತಿ ಪಡೆದವರು ಇಬ್ಬರನ್ನೂ ಕೂರಿಸಿ, ಬೇಕಿದ್ದರೆ ಬೇರೆ ಬೇರೆಯಾಗಿಯೂ ಮಾತಾಡಿಸುತ್ತಾರೆ. ತೀರ್ಪು ಕೊಡೋ ಅಧಿಕಾರ ಅವರಿಗಿಲ್ಲ. ಅಲ್ಲಿ ಆಡಿದ ಮಾತು ಗುಟ್ಟಾಗಿಯೇ ಉಳಿಯುತ್ತೆ. ಗಟ್ಟಿಯಾದ ಸಿಮೆಂಟು ಎಷ್ಟು ಚೀಲ ಅನ್ನೋ ತಕರಾರಿಗೆ, ಅಥವಾ ಅಂಗಡಿ ಮಳಿಗೆಯ ಅಡ್ವಾನ್ಸಿನಲ್ಲಿ ಎಷ್ಟು ಮುರಿದುಕೊಳ್ಳಬೇಕು ಅನ್ನೋದಕ್ಕೆ ಈ ದಾರಿ ಹೆಚ್ಚು ಅನುಕೂಲ. ರಾಜಿಯಾದರೆ ಒಪ್ಪಂದಪತ್ರ ಕೋರ್ಟಿಗೆ ಹೋಗಿ ಡಿಕ್ರಿ ಆಗುತ್ತೆ. ನಡೀತಿರೋ ದಾವೆ ಲೋಕ ಅದಾಲತ್‌ನಲ್ಲಿ ಮುಗಿದರೆ ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಸಿಗುತ್ತೆ.

ಅಂಗಡಿಯವರು ಎಡವೋದು ಹೆಚ್ಚಾಗಿ ದಿನಾಂಕದ ವಿಷಯದಲ್ಲಿ. ಉದ್ರಿ ಮಾಲಿನ ದುಡ್ಡಿಗೆ ದಾವೆ ಹೂಡಲು ಕಾಲಮಿತಿ ಮೂರು ವರ್ಷ. ವಾಯಿದೆ ಗೊತ್ತುಮಾಡದಿದ್ದರೆ ಮಾಲು ಕೊಟ್ಟ ದಿನದಿಂದ, ಗೊತ್ತುಮಾಡಿದ್ದರೆ ಅದು ಮುಗಿದ ದಿನದಿಂದ ಲೆಕ್ಕ. 'ಹಬ್ಬ ಮುಗೀಲಿ', 'ಬೆಳೆ ಬರಲಿ' ಅಂತ ಬಾಯಿಮಾತಿನಲ್ಲಿ ಮುಂದೂಡಿದರೆ ಈ ಗಡುವು ನಿಲ್ಲೋದಿಲ್ಲ. ಮೂರು ವರ್ಷ ಮುಗಿಯುವ ಮುಂಚೆ 'ಇಷ್ಟು ಬಾಕಿ ಇದೆ' ಅಂತ ಎದುರಿನವರು ಬರೆದು ಸಹಿ ಹಾಕಿದರೆ ಅಲ್ಲಿಂದ ಹೊಸದಾಗಿ ಮೂರು ವರ್ಷ ಸಿಗುತ್ತೆ. ಊರ ರಾಜಿಯ ಛಾಪಾ ಕಾಗದ ಹೆಚ್ಚು ಉಪಯೋಗಕ್ಕೆ ಬರೋದು ಇಲ್ಲೇ.

ಚೆಕ್ ಇದ್ದರೆ ಗಡುವು ಇನ್ನೂ ಬಿಗಿ. ಬೌನ್ಸ್ ಆದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ನೋಟಿಸ್ ತಲುಪಿ 15 ದಿನದಲ್ಲಿ ದುಡ್ಡು ಬರದಿದ್ದರೆ ನಂತರದ ಒಂದು ತಿಂಗಳಲ್ಲಿ ದೂರು ಸಲ್ಲಿಸಬೇಕು. ರಾಜಿ ಮಾತು ನಡೀತಿದೆ ಅಂತ ಈ ದಿನಗಳನ್ನು ಬಿಟ್ಟುಕೊಡಬಾರದು. ದೂರು ಹಾಕಿಯೂ ರಾಜಿಯಾಗಬಹುದು. ಚೆಕ್ ಕೇಸು ಅದಾಲತ್‌ನಲ್ಲಿ ಇತ್ಯರ್ಥವಾದರೂ ಆ ಆದೇಶವನ್ನು ಸಿವಿಲ್ ಡಿಕ್ರಿಯಂತೆಯೇ ಜಾರಿ ಮಾಡಿಸಬಹುದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ.

ಗಿರಾಕಿಯೇ ಅಂಗಡಿ ವಿರುದ್ಧ ಹೋಗೋದಾದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಕಾಯ್ದೆ ಅಲ್ಲೂ ಮಧ್ಯಸ್ಥಿಕೆಗೆ ಅವಕಾಶ ಕೊಟ್ಟಿದೆ. ಕೆಟ್ಟ ಮಿಕ್ಸಿಗಾಗಿ ವಕೀಲರನ್ನಿಟ್ಟು ವಾದಿಸೋದಕ್ಕಿಂತ ಮಿಕ್ಸಿ ಬದಲಾಯಿಸಿಕೊಡೋದೇ ಅಗ್ಗ.

ಸಹಿ ಹಾಕುವ ಮುಂಚೆ ಒಪ್ಪಂದವನ್ನು ಪೂರ್ತಿ ಓದಬೇಕು, ಓದಲು ಬಾರದವರು ಓದಿಸಿಕೊಳ್ಳಬೇಕು. ಅದಾಲತ್ ಆದೇಶದ ಮೇಲೆ ಮೇಲ್ಮನವಿ ಇಲ್ಲ. ಮೋಸ ನಡೆದಿದೆ ಎಂಬಂಥ ಕೆಲವೇ ಕಾರಣಕ್ಕೆ ಹೈಕೋರ್ಟಿಗೆ ರಿಟ್ ಹೋಗಬೇಕು. ಕಂತಿಗೆ ಒಪ್ಪೋದಾದರೆ ಪ್ರತಿ ಕಂತಿನ ತಾರೀಖು, ಮೊತ್ತ ಬರೆಸಬೇಕು. 'ಒಂದು ಕಂತು ತಪ್ಪಿದರೂ ಉಳಿದ ಬಾಕಿ ಪೂರ್ತಿ ಒಂದೇ ಸಲಕ್ಕೆ ಕೊಡತಕ್ಕದ್ದು' ಎಂಬ ಸಾಲು ಇದ್ದರೆ ಅಮಲ್ಜಾರಿ ಸಲೀಸು. ಆ ಸಾಲಿಲ್ಲದಿದ್ದರೆ ತಪ್ಪಿದ ಒಂದೊಂದು ಕಂತಿಗೂ ಕೋರ್ಟಿಗೆ ಓಡಾಡಬೇಕಾಗಬಹುದು.

ರಾಷ್ಟ್ರೀಯ ಲೋಕ ಅದಾಲತ್ ಸಾಮಾನ್ಯವಾಗಿ ವರ್ಷಕ್ಕೆ ನಾಲ್ಕು ಸಲ ನಡೆಯುತ್ತೆ. ಮುಂದಿನ ದಿನಾಂಕವನ್ನು ಸಮಿತಿ ಕಚೇರಿಯಲ್ಲಿ ಕೇಳಬಹುದು. ಕಾನೂನು ಸೇವೆಗಳ ಸಹಾಯವಾಣಿ: 15100.